ನೀರಿನಲ್ಲಿ ಗುಡ್ಡ ಏಕೆ ಗಿಡ್ಡ?

ಪ್ರಶ್ನೆ: ಜಲವರ್ಣದಲ್ಲಿ ಹಳ್ಳಿಯ ದೃಶ್ಯ ಬರೆಯಲು ಕಲಿಯುತ್ತಿದ್ದೇನೆ. ದಡದ ಮರ, ಹಿಂದಿನ ಗುಡ್ಡಗಳನ್ನು ಅಳತೆ ತಪ್ಪದಂತೆ ತಲೆಕೆಳಗಾಗಿ ಬರೆದರೂ ನೀರು ನೀರಿನಂತೆ ಕಾಣುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?
– ಓದುಗರು, ದಾವಣಗೆರೆ

ಉತ್ತರ: ಆ ಅಳತೆಯಲ್ಲೇ ತಪ್ಪಿದೆ. ನಿಮ್ಮ ಕಣ್ಣು ನೀರಿನ ಮಟ್ಟದಿಂದ ಎಷ್ಟು ಮೇಲಿದೆಯೋ ಅಷ್ಟೇ ಕೆಳಗೆ ಇನ್ನೊಂದು ಕಣ್ಣಿದ್ದರೆ ಅದಕ್ಕೆ ಏನು ಕಾಣುತ್ತಿತ್ತೋ, ನೀರು ತೋರಿಸುವುದು ಅದನ್ನು. ಮೇಲಿನ ಚಿತ್ರದ ನಕಲನ್ನಲ್ಲ.

ಗಾಳಿ ಏಳುವ ಮುಂಚೆ, ಬೆಳಿಗ್ಗೆಯೇ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಏರಿಯ ಮೇಲೆ ನಿಂತು ನೋಡಿ. ಆಚೆ ದಡದ ಅಂಚಿನ ಮರ ನೀರಿನಲ್ಲಿ ಹೆಚ್ಚುಕಡಿಮೆ ಪೂರ್ತಿ ಎತ್ತರಕ್ಕೆ ಇಳಿದಿರುತ್ತದೆ. ದಡದಿಂದ ಹಿಂದೆ ಸರಿದಿರುವ ಗುಡ್ಡ ಮಾತ್ರ ಕುಗ್ಗಿರುತ್ತದೆ. ಕೆಲವೊಮ್ಮೆ ಮರದ ಬಿಂಬದ ಹಿಂದೆ ಅಡಗಿಯೇಬಿಡುತ್ತದೆ. ಏರಿಯಿಂದ ಇಳಿದು ನೀರಿನ ಅಂಚಿಗೆ ಕುಳಿತರೆ ಅದೇ ಗುಡ್ಡ ಮತ್ತೆ ಬೆಳೆಯುತ್ತದೆ. ದಿನದ ಅಭ್ಯಾಸಕ್ಕೆ ಊರಿನ ಕುಂದವಾಡ ಕೆರೆಯೇ ಸಾಕು.

ಇನ್ನು ಬಣ್ಣ. ನೇರ ಕೆಳಗೆ ನೋಡಿದಾಗ ನೀರು ಹಿಂದಿರುಗಿಸುವುದು ಸುಮಾರು ಶೇ. 2ರಷ್ಟು ಬೆಳಕನ್ನು ಮಾತ್ರ. ನೋಟ ಓರೆಯಾದಷ್ಟೂ ಅದು ಹೆಚ್ಚುತ್ತದೆ. ಆದ್ದರಿಂದ ದೂರದ ನೀರಿಗೆ ಆಕಾಶದ ಬಣ್ಣ, ಕಾಲಬುಡದ ನೀರಿಗೆ ಕೆರೆಮಣ್ಣಿನದು. ಕೆರೆಗೆಲ್ಲ ಒಂದೇ ನೀಲಿ ಸುರಿಯುವುದು ನನಗಂತೂ ಹಿಡಿಸದ ಚಾಳಿ. ಮಳೆಗಾಲದಲ್ಲಿ ನಮ್ಮ ಕೆರೆಗಳು ಕೆಂಗಂದು! ಇಂಥ ಬಗ್ಗಡದ ನೀರಿನಲ್ಲಿ ಮರದ ಕಡುಹಸಿರು ತುಸು ತಿಳಿಯಾಗಿ ಕಂದಿಗೆ ತಿರುಗುತ್ತದೆ, ಬೆಳ್ಳನೆಯ ಗೋಡೆ ಮಬ್ಬಾಗುತ್ತದೆ.

ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕ) ಇರಲಿ, ತೆಳುವಾದದ್ದು ನೀರು ಬಿದ್ದೊಡನೆ ಸೊಟ್ಟಗಾಗುತ್ತದೆ. ನೀರಿನ ಭಾಗವನ್ನು ತೋಯಿಸಿ ಮೊದಲು ಆಕಾಶದ ಬಣ್ಣ ಹರಡಿ. ಮೇಲಿನ ಹೊಳಪು ಆರುತ್ತಿರುವಾಗ ಮರದ ಬಣ್ಣವನ್ನು ನೇರ ಕೆಳಕ್ಕೆ ಎಳೆಯಿರಿ. ಸಣ್ಣ ಅಲೆಗಳು ಬಿಂಬವನ್ನು ಉದ್ದಕ್ಕೆ ಹಿಗ್ಗಿಸುತ್ತವೆ, ಅಗಲಕ್ಕಲ್ಲ. ಇನ್ನೂ ತುಸು ಹಸಿಯಿರುವಾಗಲೇ ತೊಳೆದು ಹಿಂಡಿದ ಚಪ್ಪಟೆ ಕುಂಚದಿಂದ ಅಡ್ಡಕ್ಕೆ ಒಂದೆರಡು ಗೆರೆಯಷ್ಟು ಬಣ್ಣ ಎತ್ತಿ. ಗಾಳಿ ತಾಗಿ ಬಿಂಬ ಕಡಿದ ಜಾಗ ಅದು, ಅಲ್ಲಿ ಆಕಾಶದ ಬೆಳಕಷ್ಟೇ ಇರುತ್ತದೆ. ಎರಡಕ್ಕಿಂತ ಹೆಚ್ಚು ಬೇಡ, ನೀರು ಪಟ್ಟೆಪಟ್ಟೆಯಾದೀತು.

ನೆರಳನ್ನೂ ಬಿಂಬವನ್ನೂ ಒಂದೇ ಎಂದುಕೊಳ್ಳಬೇಡಿ. ನೆರಳು ಸೂರ್ಯನಿಗೆ ತಕ್ಕಂತೆ ಹೊರಳುತ್ತದೆ. ಬಿಂಬ ಯಾವ ಹೊತ್ತಿನಲ್ಲೂ ವಸ್ತುವಿನ ನೇರ ಕೆಳಗೇ. ಎಡಕ್ಕೆ ಬಾಗಿದ ತೆಂಗು ನೀರಿನಲ್ಲೂ ಎಡಕ್ಕೇ ಬಾಗುತ್ತದೆ. ನಿಮ್ಮ ಕಡೆಗೆ ಬಾಗಿದ್ದರೆ ಮರಕ್ಕಿಂತ ಬಿಂಬ ಉದ್ದ, ಆಚೆಗೆ ಬಾಗಿದ್ದರೆ ಗಿಡ್ಡ.