ಇನ್ನೂರು ಗ್ರಾಂ ಶೇಂಗಾದ ರಿಪೋರ್ಟು

ಶೇಂಗಾ ವ್ಯಾಪಾರಿಗಳು, ಶೇಂಗಾ ಹಿಂಡಿ (ಶೇಂಗಾ ಚಟ್ನಿಪುಡಿ) ಮಾಡಿ ಪುಣೆ-ಹೈದರಾಬಾದಿಗೆ ಕಳಿಸುವವರು ನನ್ನ ಹತ್ತಿರ ಬಂದರೆ ಮೊದಲು ಟೇಬಲ್ ಮೇಲೆ ಇಡುವುದು ಒಂದು ಪೊಟ್ಟಣ. ಒಳಗೆ ಹೆಚ್ಚೆಂದರೆ ಇನ್ನೂರು ಗ್ರಾಂ ಕಾಳು, ಅದೂ ಮದುವೆಗೆ ಹೊರಟವರ ಹಾಗೆ ಚೆಂದ ಮಾಡಿ ಆರಿಸಿ ತಂದದ್ದು. "ಅಫ್ಲಾಟಾಕ್ಸಿನ್ ಟೆಸ್ಟ್ ಮಾಡಿಸಿಕೊಡ್ರಿ ಸರ್, ರಿಪೋರ್ಟ್ ಬಂತಂದ್ರ ಲೋಡ್ ಕಳಿಸ್ತೀನಿ." ಲೋಡ್ ಅಂದರೆ ಹತ್ತು ಟನ್!

ಅಫ್ಲಾಟಾಕ್ಸಿನ್ ಅಂದರೆ ಬೂಸ್ಟು ಹಿಡಿದ ಕಾಳಿನ ವಿಷ. ಅದು ಲಿವರ್‌ಗೆ ಏನು ಮಾಡುತ್ತದೆ ಅಂತ ಇವರಿಗೆ ಗೊತ್ತು. ಅದನ್ನು ನಾನು ಹೇಳಬೇಕಿಲ್ಲ. ಎಷ್ಟು ಸಲ ಹೇಳಿದರೂ ತಲೆಗೆ ಹೋಗದೆ ಇರುವುದು ಒಂದೇ: ಈ ವಿಷ ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ. ಸಾವಿರಾರು ಕಾಳು ಚೊಕ್ಕ ಇದ್ದು, ಒಂದೇ ಒಂದರಲ್ಲಿ ಎಲ್ಲಾ ತುಂಬಿಕೊಂಡಿರಬಹುದು. ತೀರಾ ಕೆಟ್ಟ ಶೇಂಗಾ ಕಾಳಿನಲ್ಲಿ ಕಿಲೊಗೆ 10 ಲಕ್ಷ ಮೈಕ್ರೊಗ್ರಾಂ ಲೆಕ್ಕದಲ್ಲಿ ವಿಷ ಸಿಕ್ಕ ದಾಖಲೆ ಇದೆ. ಕಾಳಿನ ತೂಕ ಅರ್ಧ ಗ್ರಾಂ ಅಂತ ಹಿಡಿಯಿರಿ. ಅದೊಂದರಲ್ಲೇ 500 ಮೈಕ್ರೊಗ್ರಾಂ ಆಯಿತು. ಸಂಸ್ಕರಣೆಗೆ ಹೋಗುವ ಶೇಂಗಾಕ್ಕೆ ಕೋಡೆಕ್ಸ್, ಅಂದರೆ ಆಹಾರದ ಅಂತರರಾಷ್ಟ್ರೀಯ ಮಾನದಂಡ ಗೊತ್ತುಮಾಡುವ ಸಂಸ್ಥೆ, ಹಾಕಿರುವ ಮಿತಿ ಕಿಲೊಗೆ 15 ಮೈಕ್ರೊಗ್ರಾಂ. ಭಾಗಿಸಿ ನೋಡಿ. ಮೂವತ್ತು ಕಿಲೊಗೂ ಜಾಸ್ತಿ ಒಳ್ಳೆಯ ಮಾಲನ್ನು ಮಿತಿಗೆ ಮುಟ್ಟಿಸಲು ಆ ಒಂದು ಕಾಳು ಸಾಕು. ಅದು ನಿಮ್ಮ ಪೊಟ್ಟಣಕ್ಕೆ ಬಂದರೆ ರಿಪೋರ್ಟ್ ಭಯಂಕರ, ಬರದಿದ್ದರೆ 'ಪತ್ತೆಯಾಗಿಲ್ಲ'. ಎರಡರಲ್ಲಿ ಯಾವುದೂ ನಿಮ್ಮ ಲೋಡಿನ ಬಗ್ಗೆ ಹೇಳುವುದಿಲ್ಲ.

ಅದಕ್ಕೇ ಕೋಡೆಕ್ಸ್ ನಿಯಮ 20 ಕಿಲೊ ಸ್ಯಾಂಪಲ್ ಕೇಳುತ್ತದೆ. ಮೇಲಿನ ಚೀಲ, ಕೆಳಗಿನ ಚೀಲ, ನಡುವಿನದು, ಮಳೆ ಸೋರುವ ಗೋಡೆ ಬದಿಯದು, ಹೀಗೆ ಹತ್ತಾರು ಕಡೆಯಿಂದ ಒಂದೊಂದು ಹಿಡಿ ತೆಗೆದು ಕೂಡಿಸಿ, ಅಷ್ಟನ್ನೂ ಬೀಸಿ ಕಲೆಸಿ, ಆಮೇಲೆ ಅದರಲ್ಲಿ ಸ್ವಲ್ಪ ಟೆಸ್ಟಿಗೆ. "ಇಪ್ಪತ್ತು ಕಿಲೊ ಮಾಲು ಬೀಸಿ ಹಾಳು ಮಾಡ್ಬೇಕೇನ್ರಿ?" ಹೌದ್ರಿ, ಮಾಡಬೇಕು. ಅಷ್ಟು ಮಾಡಿದರೂ ತಪ್ಪುವ ಸಾಧ್ಯತೆ ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೇ. ಹುರಿದರೂ ಹಾಗೆಯೇ, ವಿಷ ಸ್ವಲ್ಪ ತಗ್ಗಬಹುದು, ಹೋಗುವುದಿಲ್ಲ.

ಕಲಬುರಗಿಯ ಗಂಜ್ ಮಾರುಕಟ್ಟೆಯಲ್ಲಿ ಆಫ್ರಿಕಾ ಅಂದರೆ ಜನರಿಗೆ ನೆನಪಾಗುವುದು ಮೊಜಾಂಬಿಕ್‌ನಿಂದ ಬರುವ ತೊಗರಿ ಮತ್ತು ಅದರಿಂದ ಇಳಿದ ರೇಟು. ಸಿಟ್ಟು ಸಹಜ. ಆದರೆ "ಆ ಕಡಿಯವ್ರಿಗೆ ಕ್ವಾಲಿಟಿ ಏನ್ ಗೊತ್ತು" ಅಂತ ಶುರು ಮಾಡಿದರೆ ನನಗೆ ಸುಮ್ನೆ ಕೂರಲು ಆಗುವುದಿಲ್ಲ. 2004ರಲ್ಲಿ ಕೀನ್ಯಾದಲ್ಲಿ ಸರಿಯಾಗಿ ಒಣಗದ ಮೆಕ್ಕೆಜೋಳ ತಿಂದು 317 ಜನ ಕಾಯಿಲೆ ಬಿದ್ದರು, 125 ಜನ ಸತ್ತರು. ನಿಜ. ನಮ್ಮ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲೂ 1974ರಲ್ಲಿ ಇದೇ ಮೆಕ್ಕೆಜೋಳ, ಇದೇ ವಿಷ, ನೂರಕ್ಕೂ ಹೆಚ್ಚು ಸಾವು. ನಮಗೆ ಅದು ಮರೆತೇಹೋಗಿದೆ, ಅಲ್ವಾ?

ಆಫ್ರಿಕಾದವರು ಮರೆತು ಕೂರಲಿಲ್ಲ. ನೈಜೀರಿಯಾದ ಇಬಾದಾನ್‌ನಲ್ಲಿರುವ ಕೃಷಿ ಸಂಶೋಧನಾ ಸಂಸ್ಥೆಯವರು ಅಮೆರಿಕದ ಕೃಷಿ ಇಲಾಖೆ ಜೊತೆ ಸೇರಿ ಅಫ್ಲಾಸೇಫ್ ಅಂತ ಮಾಡಿದರು. ವಿಷ ಉಂಟುಮಾಡದ ಬೂಸ್ಟನ್ನು ಹೊಲಕ್ಕೆ ಎರಚುವುದು, ಅದು ಜಾಗ ಹಿಡಿದರೆ ವಿಷದ ಬೂಸ್ಟಿಗೆ ಜಾಗ ಇರುವುದಿಲ್ಲ. ಆಫ್ರಿಕಾದ ಹಲವು ದೇಶಗಳ ರೈತರು ಅದನ್ನು ಬಳಸುತ್ತಿದ್ದಾರೆ. ಮಲಾವಿಯ ಸಣ್ಣ ರೈತರ ಸಂಘ ಬಳಸಿದ ಅಗ್ಗದ ಟೆಸ್ಟ್ ಕಿಟ್ ಬಂದದ್ದು ಇಕ್ರಿಸ್ಯಾಟ್ ಅನ್ನುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಿಂದ. ನಾವು ಹೈದರಾಬಾದಿಗೆ ಹೋಗುವಾಗ ಪಟಾನ್‌ಚೆರುವಿನಲ್ಲಿ ಅದರ ಕಾಂಪೌಂಡ್ ನೋಡಿಕೊಂಡೇ ಮುಂದೆ ಹೋಗುತ್ತೇವೆ.

ಆದರೆ ಅದೇ ಮಲಾವಿಯಲ್ಲಿ ಒಂದು ಎಡವಟ್ಟು ಉಂಟು. ನೇರವಾಗಿ ತಿನ್ನುವ ಶೇಂಗಾಕ್ಕೆ ಯುರೋಪಿನ ಮಿತಿ ಕಿಲೊಗೆ 4 ಮೈಕ್ರೊಗ್ರಾಂ. ಅದಕ್ಕಾಗಿ ಕಾಳು ಆರಿಸುತ್ತಾರೆ. ಒಳ್ಳೆಯದು ಹಡಗು ಹತ್ತುತ್ತದೆ. ಆರಿಸಿ ಬಿಟ್ಟದ್ದು ಊರ ಸಂತೆಗೆ ಬರುತ್ತದೆ, ಕಡಿಮೆ ರೇಟಿಗೆ, ಬಡವರ ಮನೆಗೆ. ರಫ್ತು ಮಾಡುವವರ ದಾಖಲೆಯಲ್ಲಿ ಗುಣಮಟ್ಟ ಮೇಲೇರಿದೆ.

ಇದು ಅಲ್ಲಿಯ ಕಥೆ ಮಾತ್ರ ಅಂದುಕೊಳ್ಳಬೇಡಿ. ಆಳಂದ ಕಡೆ ಸ್ವಸಹಾಯ ಸಂಘದ ಒಬ್ಬ ಅಕ್ಕ ಇದ್ದಾರೆ, ಅವರು ಮಾಡುವ ಶೇಂಗಾ ಹಿಂಡಿ ಇದ್ದರೆ ನಾನು ಪಲ್ಯ ಕೇಳುವುದಿಲ್ಲ. ಮೊರದಲ್ಲಿ ಕಾಳು ಹರವಿ ಮುರುಟಿದ್ದು, ಕಪ್ಪಾದದ್ದು, ತೂತು ಬಿದ್ದದ್ದು ಎಲ್ಲಾ ಬೆರಳ ತುದಿಯಿಂದ ಪಟಪಟ ಹಾರಿಸುತ್ತಾರೆ. "ಒಂದು ಕಹಿ ಕಾಳು ಬಾಯಿಗೆ ಬಂದ್ರ ಇಡೀ ಊಟ ಕೆಡ್ತದ." ಯಾವ ಲ್ಯಾಬೂ ಬೇಡ, ವಿಷದ ಬಹುಪಾಲು ಹೀಗೆ ಆರಿಸುವಾಗಲೇ ಹೊರಗೆ ಹೋಗುತ್ತದೆ. ಒಣಗಿಸುವುದೂ ಚೆನ್ನಾಗಿದೆ, ಕಾಳಿನ ತೇವ ಶೇಕಡಾ 8ಕ್ಕಿಂತ ಕೆಳಗೆ ಬಂದ ಮೇಲೆಯೇ ಚೀಲ ಕಟ್ಟುತ್ತಾರೆ.

ಹಾರಿಸಿದ ಕಾಳು ಏನಾಗುತ್ತದೆ ಅಂತ ಕೇಳಿದೆ. "ಗಾಣಕ್ಕ ಹಾಕ್ತೀವ್ರಿ, ಸುಮ್ನ ಚೆಲ್ಲೋದ್ಯಾಕ?"

ಇಲ್ಲಿಯೇ ತೊಂದರೆ. ಎಣ್ಣೆ ತೆಗೆದಾಗ ವಿಷದ ದೊಡ್ಡ ಪಾಲು ಉಳಿಯುವುದು ಗಾಣದ ಹಿಂಡಿಯಲ್ಲಿ (ಇದು ಚಟ್ನಿಪುಡಿಯಲ್ಲ, ಎಣ್ಣೆ ತೆಗೆದ ಮೇಲೆ ಉಳಿಯುವ ಚರಟ), ಸೋಸದ ಎಣ್ಣೆಯಲ್ಲೂ ಒಂದಿಷ್ಟು. ಆ ಹಿಂಡಿ ಎಮ್ಮೆಗೆ. ಎಮ್ಮೆಯ ಲಿವರ್‌ನಲ್ಲಿ ಆ ವಿಷ ಎಂ1 ಅನ್ನುವ ರೂಪ ತಾಳಿ ಹಾಲಿಗೆ ಬರುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಹಾಲಿನಲ್ಲಿ ಎಂ1ಗೆ ನಮ್ಮ ದೇಶದ ಮಿತಿ ಕಿಲೊಗೆ 0.5 ಮೈಕ್ರೊಗ್ರಾಂ. ಅವರ ಹಾಲಿನಲ್ಲಿ ಎಷ್ಟಿದೆ ಅಂತ ಟೆಸ್ಟ್ ಮಾಡದೆ ನಾನು ಹೇಳುವುದಿಲ್ಲ. ಕೆಟ್ಟ ಕಾಳನ್ನು ಆಳವಾದ ಗುಂಡಿ ತೋಡಿ ಮುಚ್ಚಿಬಿಡಿ ಅಂದೆ. "ಆ ರೊಕ್ಕ ನೀವ್ ಕೊಡ್ತೀರೇನು?" ಅಂತ ಬೈದರು. ನ್ಯಾಯವಾದ ಪ್ರಶ್ನೆ. ಅವರಿಂದ ಶೇಂಗಾ ಹಿಂಡಿಪುಡಿ ಕೊಳ್ಳುವ ವ್ಯಾಪಾರಿಗೆ ಕಿಲೊಗೆ ಒಂದೆರಡು ರೂಪಾಯಿ ಜಾಸ್ತಿ ಕೊಡಿ ಅಂತ ಹೇಳಿದ್ದೇನೆ. ಅವನು ಇನ್ನೂ ರಿಪೋರ್ಟ್ ಕೇಳುತ್ತಿದ್ದಾನೆ.