ಆಕಾಶದಿಂದಲೇ ಗಡಿ ಕಾಣುವಾಗ ಕೆಳಗೆ ಯೋಧರೇಕೆ?

ಪ್ರಶ್ನೆ: ನನ್ನ ಮಗ ಬಿಎಸ್‌ಎಫ್‌ನಲ್ಲಿ, ಪಂಜಾಬ್ ಗಡಿಯಲ್ಲಿದ್ದಾನೆ. ನಮ್ಮ ಕಡೆ ಹಾರಿಸಿ ನೋಡುತ್ತಿದ್ದ ಪೈಲಟ್ ಇಲ್ಲದ ವಿಮಾನಗಳು ಗಡಿ ಕಾಯೋಕೆ ಅಂತಾರೆ. ಹಾಗಾದ್ರೆ ಹುಡುಗರು ರಾತ್ರಿಯಿಡೀ ಮಂಜಿನಲ್ಲಿ ನಿಲ್ಲೋದು ಯಾಕೆ?
– ಓದುಗರೊಬ್ಬರು, ಚಳ್ಳಕೆರೆ ತಾಲ್ಲೂಕು

ಅಮ್ಮ, ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಹಂದಿ ಕಾಯಲು ಹೊಲದಲ್ಲಿ ಅಟ್ಟಣಿಗೆ ಹಾಕುತ್ತಾರಲ್ಲ, ಗಡಿಯಲ್ಲಿ ವಿಮಾನದ ಕೆಲಸವೂ ಅದೇ. 20 ಅಡಿ ಅಟ್ಟಣಿಗೆ ಹತ್ತಿದವನಿಗೆ ಬಯಲಿನಲ್ಲಿ ಸುಮಾರು 9 ಕಿ.ಮೀ. ದೂರದವರೆಗೆ ನೆಲ ಕಾಣುತ್ತದೆ. 20,000 ಅಡಿ ಮೇಲಿನ ವಿಮಾನಕ್ಕೆ ಸುಮಾರು 275 ಕಿ.ಮೀ. ಪಾಕಿಸ್ತಾನದ ಜೊತೆಗಿನ ಗಡಿಯೇ 3,323 ಕಿ.ಮೀ. ಇರುವಾಗ ಈ ಎತ್ತರದ ಬೆಲೆ ದೊಡ್ಡದು. 2017ರಲ್ಲಿ ಡೋಕ್ಲಾಮ್‌ನಲ್ಲಿ, 2020ರಲ್ಲಿ ಲಡಾಖ್‌ನಲ್ಲಿ ಚೀನಾ ಜೊತೆ ಬಿಕ್ಕಟ್ಟು ಬಂದಾಗ, ಸಮುದ್ರ ಕಾಯಲೆಂದು ತಂದ ನೌಕಾಪಡೆಯ ಪಿ-8ಐ ವಿಮಾನಗಳನ್ನೂ ಹಿಮಾಲಯದ ಕಡೆ ಹಾರಿಸಿದ್ದು ಇದಕ್ಕೇ.

ಆದರೆ ನೆಲ ಕಂಡ ಮಾತ್ರಕ್ಕೆ ಮನುಷ್ಯ ಕಾಣುವುದಿಲ್ಲ. ಅಷ್ಟು ಎತ್ತರದಿಂದ ಒಬ್ಬ ಆಳನ್ನು ಗುರುತಿಸಬೇಕಾದರೆ ಕ್ಯಾಮೆರಾವನ್ನು ತೀರಾ ಹತ್ತಿರಕ್ಕೆ ಎಳೆದು ನೋಡಬೇಕು. ಆಗ ಪೈಪಿನಲ್ಲಿ ಇಣುಕಿದ ಹಾಗೆ, ಅಕ್ಕಪಕ್ಕದ್ದೆಲ್ಲ ಕಣ್ಣಿನಿಂದ ಜಾರಿಹೋಗುತ್ತದೆ. ಮೋಡ ಅಡ್ಡ ಬಂದರೆ ಕ್ಯಾಮೆರಾ ಕುರುಡು. ರಾಡಾರ್ ಮೋಡವನ್ನು ಹಾದು ನೋಡುತ್ತದೆ, ನಿಜ. ಆದರೆ ಅದು ತೋರಿಸಿದ್ದು ಎಮ್ಮೆಯೋ ಮನುಷ್ಯನೋ, ರೈತನೋ ಕಳ್ಳನೋ ಎಂದು ಹೋಗಿ ನೋಡಲು ಕೊನೆಗೆ ಆಳೇ ಬೇಕು. ಅಟ್ಟಣಿಗೆ ಮೇಲಿಂದ ಹಂದಿ ಕಂಡರೆ ಸಾಲದು, ಇಳಿದು ಓಡಬೇಕು.

ಇನ್ನು ನಿಮ್ಮ ಊರ ಮೇಲಿನ ವಿಮಾನ. ಚಳ್ಳಕೆರೆ ಬಳಿಯ ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯ ಉದ್ಘಾಟನೆಯಾದದ್ದು 2017ರಲ್ಲಿ. ಅಲ್ಲಿ ಹಾರಿದ ತಪಸ್ ಡ್ರೋನ್ ನಿಜಕ್ಕೂ ಹೀಗೆ ಮೇಲಿಂದ ಕಾಯುವ ಕೆಲಸಕ್ಕೆಂದೇ ರೂಪಿಸಿದ್ದು. 30,000 ಅಡಿಯಲ್ಲಿ 24 ಗಂಟೆ ಇರಬೇಕೆಂಬುದು ಗುರಿ, ಅದು ಕೈಗೂಡಲಿಲ್ಲ. 2019ರಲ್ಲಿ ಜೋಡಿಚಿಕ್ಕೇನಹಳ್ಳಿ ಬಳಿಯ ಅಡಿಕೆ ತೋಟದಲ್ಲಿ, 2023ರಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿಯ ಹೊಲದಲ್ಲಿ ಬಿದ್ದದ್ದೂ ಈ ಕಲಿಕೆಯ ಭಾಗವೇ. ದನ ಕುರಿ ಮೇಯುತ್ತಿದ್ದ ಕಾವಲನ್ನು ಬಿಟ್ಟುಕೊಟ್ಟ ಊರುಗಳ ಋಣ ಈ ವಿಮಾನಗಳ ಮೇಲಿದೆ. ಆ ಮಾತನ್ನು ನಾವು ಸಾಕಷ್ಟು ಆಡಿಲ್ಲ ಅಂತ ನನಗನ್ನಿಸುತ್ತದೆ.

ಒಂದು ಹಾರಾಟವನ್ನು ಮಾತ್ರ ಹೇಳಲೇಬೇಕು. 2023ರ ಜೂನ್ 16ರಂದು ತಪಸ್ ಚಳ್ಳಕೆರೆಯಿಂದ ಹೊರಟು ಅರಬ್ಬಿ ಸಮುದ್ರದ ಮೇಲೆ ಹೋಯಿತು. ಅಲ್ಲಿ ಕಾರವಾರದಿಂದ 148 ಕಿ.ಮೀ. ದೂರದಲ್ಲಿದ್ದ ಐಎನ್‌ಎಸ್ ಸುಭದ್ರಾ ಹಡಗಿನವರು ಅದರ ಹಿಡಿತ ತೆಗೆದುಕೊಂಡರು. ಯಾಕೆಂದರೆ ಉಪಗ್ರಹದ ನೆರವಿಲ್ಲದಿದ್ದರೆ ರೇಡಿಯೋ ಅಲೆಗೂ ಕಣ್ಣಿನ ಹಾಗೇ ಬಾನಂಚು ಅಡ್ಡ. ಒಂದು ಠಾಣೆಯ ಕೈಗೆ ಎಟುಕದಾದಾಗ ಇನ್ನೊಂದು ಹಿಡಿದುಕೊಳ್ಳಬೇಕು. ಪೈಲಟ್ ಇಲ್ಲದ ವಿಮಾನ ಎನ್ನುತ್ತೇವೆ, ಆದರೆ ನೆಲದ ಮೇಲೆ ಅದನ್ನು ನಡೆಸುವವರು, ಪರದೆ ಮೇಲೆ ಕಣ್ಣಿಟ್ಟವರು, ರಿಪೇರಿಯವರು ಪಾಳಿ ಮೇಲೆ ದುಡಿಯುತ್ತಿರುತ್ತಾರೆ.

ನಿಮ್ಮ ಮಗ ಇರುವ ಕಡೆ ಸಮಸ್ಯೆ ತಿರುಗಿ ನಿಂತಿದೆ. ಆಚೆಯಿಂದಲೇ ಡ್ರೋನ್ ಬರುತ್ತಿವೆ. ಅಂಗಡಿಯಲ್ಲಿ ಸಿಗುವಂಥ ಸಣ್ಣವು. ಕತ್ತಲಲ್ಲಿ ಬಂದು ಹೆರಾಯಿನ್ ಪೊಟ್ಟಣವನ್ನೋ ಪಿಸ್ತೂಲನ್ನೋ ಹೊಲಕ್ಕೆ ಬೀಳಿಸಿ ಹೋಗುತ್ತವೆ. 2024ರಲ್ಲಿ ಪಂಜಾಬ್ ಗಡಿಯೊಂದರಲ್ಲೇ ಬಿಎಸ್‌ಎಫ್ ಕೈಗೆ ಸಿಕ್ಕಿದ್ದು 250ಕ್ಕೂ ಹೆಚ್ಚು. ದೊಡ್ಡ ರಾಡಾರ್‌ಗೆ ಇವು ಹಕ್ಕಿಯ ಹಾಗೆ ಕಂಡುಬಿಡಬಹುದು. ಸಿಗ್ನಲ್ ಕೆಡಿಸುವ ಯಂತ್ರಗಳು ಬಂದಿವೆ, ಆದರೂ ಬೇಲಿ ಬಳಿ ನಿಂತ ಯೋಧನ ಕಿವಿ ಇನ್ನೂ ಬೇಕು. ಗುಂಯ್ ಎನ್ನುವ ಸದ್ದು ಕೇಳಿಸಿದರೆ ಆ ದಿಕ್ಕಿಗೆ ಗುಂಡು ಹಾರಿಸುತ್ತಾರೆ, ಬೆಳಗಾದ ಮೇಲೆ ಗೋಧಿ ಹೊಲದಲ್ಲಿ ಸಾಲುಹಿಡಿದು ಹುಡುಕುತ್ತಾರೆ.

ಹಾಗಾಗಿ ಮಂಜಿನ ರಾತ್ರಿಯ ಆ ಪಾಳಿ ಸದ್ಯಕ್ಕೆ ತಪ್ಪುವುದಿಲ್ಲ, ಅಮ್ಮ. ಮಗ ರಜೆಗೆ ಬಂದಾಗ ಆ ಸದ್ದು ಹೇಗಿರುತ್ತದೆಂದು ಕೇಳಿ ನೋಡಿ. ನನಗಿಂತ ಚೆನ್ನಾಗಿ ಹೇಳುತ್ತಾನೆ.