ತೋಟಕ್ಕೆ ಬಂದದ್ದು ಹಂದಿಯೇ ಅಂತ ಹೇಗೆ ಗೊತ್ತಾಯ್ತು?

ಹೋದ ಡಿಸೆಂಬರಿನಲ್ಲಿ ಕಾಸರಗೋಡಿನ ಪೆರ್ಲದ ಹತ್ತಿರದ ಒಂದು ತೋಟದಿಂದ ಫೋನ್ ಬಂತು. "ಹಂದಿ ಎಲ್ಲ ಹಾಳು ಮಾಡಿದೆ, ಒಮ್ಮೆ ಬಂದು ನೋಡಿ." ಹೋದೆ. ಹನ್ನೊಂದು ಅಡಿಕೆ ಸಸಿಗಳು ಒಂದೇ ಸಾಲಿನಲ್ಲಿ ಬುಡ ತುಂಡಾಗಿ ಬಿದ್ದಿದ್ದವು. ಎರಡು ವರ್ಷ ಸೊಪ್ಪು, ಗೊಬ್ಬರ, ನೀರು ಕೊಟ್ಟು ಸಾಕಿದ ಸಸಿಗಳು. ಯಜಮಾನರಿಗೆ ಮಾತೇ ಹೊರಡುತ್ತಿರಲಿಲ್ಲ.

ಕುಕ್ಕರಗಾಲಲ್ಲಿ ಕೂತು ಬುಡ ನೋಡಿದೆ. ಉಳಿಯಲ್ಲಿ ಕೆತ್ತಿದ ಹಾಗೆ ಗೀರುಗಳು, ಜೋಡಿ ಜೋಡಿಯಾಗಿ, ಅಗಲವಾಗಿ. ಸುತ್ತಲಿನ ಮಣ್ಣು ಹೆಚ್ಚು ಅಗೆದಿರಲಿಲ್ಲ. ನಾಲ್ಕು ಮಾರು ಆಚೆ, ತೋಟದ ನೀರು ಹರಿದು ಹೋಗುವ ಕಣಿಯ ಬದಿಯಲ್ಲಿ, ಕಪ್ಪು ಬಿಳಿ ಪಟ್ಟೆಯ ಒಂದು ಮುಳ್ಳು ಬಿದ್ದಿತ್ತು.

"ಇದು ಹಂದಿ ಅಲ್ಲ ಅಣ್ಣ, ಮುಳ್ಳುಹಂದಿ."

"ಎರಡೂ ಒಂದೇ ಅಲ್ವಾ?"

ಅಲ್ಲ. ಹೆಸರಲ್ಲಿ ಹಂದಿ ಇದೆ ಅಷ್ಟೇ. ಮುಳ್ಳುಹಂದಿ ಇಲಿ, ಅಳಿಲುಗಳ ಬಳಗದ್ದು. ಅದರ ಮುಂದಿನ ಹಲ್ಲು ಬದುಕಿರುವಷ್ಟು ದಿನ ಬೆಳೆಯುತ್ತಲೇ ಇರುತ್ತದೆ, ಹಾಗಾಗಿ ಅದಕ್ಕೆ ಕಡಿಯುತ್ತಲೇ ಇರಬೇಕು. ಬೇರು, ತೊಗಟೆ, ಗೆಡ್ಡೆ, ಎಲ್ಲಾದರೂ ಸಿಕ್ಕಿದರೆ ಸತ್ತ ದನದ ಎಲುಬು ಕೂಡ. ಎಲುಬಿನ ಸುಣ್ಣದ ಅಂಶ ಅದಕ್ಕೆ ಬೇಕು. ಬಿಲದ ಬಾಯಲ್ಲಿ ಕಡಿದ ಎಲುಬು ಕಂಡರೆ ಒಳಗೆ ಯಾರಿದ್ದಾರೆ ಅಂತ ಕೇಳಬೇಕಾಗಿಲ್ಲ. ಮತ್ತೆ, ಅದು ಮುಳ್ಳು ಎಸೆಯುತ್ತದೆ ಅನ್ನುವುದು ಸುಳ್ಳು. ಹೆದರಿದಾಗ ಬೆನ್ನು ತಿರುಗಿಸಿ ಹಿಂದಕ್ಕೆ ನುಗ್ಗುತ್ತದೆ. ಮುಳ್ಳು ಸಡಿಲ ಇರುವುದರಿಂದ ಎದುರಿನವರ ಮೈಯಲ್ಲಿ ಉಳಿಯುತ್ತದೆ. ನಾಯಿ ಸಾಕಿದವರಿಗೆ ಇದು ಗೊತ್ತಿರುತ್ತದೆ.

ಕಾಡುಹಂದಿ ಬಂದಿದ್ದರೆ ತೋಟ ಬೇರೆಯೇ ಥರ ಇರುತ್ತಿತ್ತು. ಅದು ಮೂತಿಯಲ್ಲಿ ಉಳುತ್ತದೆ. ಮರಗೆಣಸು, ಕೆಸು, ಬಾಳೆಯ ಗೆಡ್ಡೆ, ಮಣ್ಣಿನೊಳಗಿನ ಎರೆಹುಳ, ಇವಕ್ಕಾಗಿ ಒಂದು ರಾತ್ರಿಯಲ್ಲಿ ಅರ್ಧ ಅಂಗಳದಷ್ಟು ಜಾಗ ಅಡಿಮೇಲು ಮಾಡಿಬಿಡುತ್ತದೆ. ಹಂದಿಗೆ ನಮ್ಮ ಹಾಗೆ ಬೆವರಿ ಮೈ ತಣಿಯುವುದಿಲ್ಲ, ಆದ್ದರಿಂದ ಕೆಸರಲ್ಲಿ ಹೊರಳಿ ಆಮೇಲೆ ಮರಕ್ಕೆ ಮೈ ಉಜ್ಜುತ್ತದೆ. ಅಡಿಕೆ ಮರದಲ್ಲಿ ಮೊಣಕಾಲಿನ ಎತ್ತರಕ್ಕೆ ಒಣಗಿದ ಕೆಸರು ಮೆತ್ತಿಕೊಂಡಿದ್ದರೆ, ಅದರಲ್ಲಿ ಒರಟು ಕೂದಲು ಅಂಟಿದ್ದರೆ, ಅದು ಹಂದಿಯೇ.

ಇಷ್ಟು ನೋಡುವುದಕ್ಕೆ ಐದು ನಿಮಿಷ ಸಾಕು. ಆದರೆ ನಮ್ಮಲ್ಲಿ ಯಾರೂ ನೋಡುವುದಿಲ್ಲ. ಹದಿನೈದು ವರ್ಷದಿಂದ ಕಾಸರಗೋಡಿನ ಗುಡ್ಡೆಗಳಲ್ಲಿ ಹೆಜ್ಜೆ, ಹಿಕ್ಕೆ ಹುಡುಕಿಕೊಂಡು, ಕ್ಯಾಮೆರಾ ಕಟ್ಟಿಕೊಂಡು ತಿರುಗುತ್ತಿರುವ ನನಗೆ ಬೇಸರ ಆಗುವುದು ಇಲ್ಲೇ. ಎಲ್ಲ ನಷ್ಟವೂ ಹಂದಿಯ ಲೆಕ್ಕಕ್ಕೆ ಹೋಗುತ್ತದೆ. ಹಂದಿಗೆ ಅಂತ ಇಟ್ಟ ಉರುಳಿಗೆ ಬೇರೆ ಪ್ರಾಣಿ ಬೀಳುತ್ತದೆ, ಚಿರತೆಯೂ ಬಿದ್ದದ್ದುಂಟು. ಬೇಲಿಗೆ ಕರೆಂಟು ಕೊಟ್ಟು ಮನುಷ್ಯರೇ ಸತ್ತದ್ದೂ ಇದೆ. ಕೃಷಿ ಹಾಳು ಮಾಡುವ ಕಾಡುಹಂದಿಯನ್ನು ಕೊಲ್ಲಿಸುವ ಅಧಿಕಾರವನ್ನು ಕೇರಳ ಸರ್ಕಾರ 2022ರಲ್ಲಿ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಕೊಟ್ಟಿತು, ನಿಜ. ಆದರೆ ಅದರಲ್ಲೂ ವಿಷ, ಸಿಡಿಮದ್ದು, ಕರೆಂಟು ಕೂಡದು ಅಂತ ಇದೆ. ಮತ್ತೆ ಆ ಆದೇಶ ಇರುವುದು ಕಾಡುಹಂದಿಗೆ ಮಾತ್ರ, ಮುಳ್ಳುಹಂದಿಗೆ ಅಲ್ಲ.

ಸರಿ, ಮುಳ್ಳುಹಂದಿ ಬಂದದ್ದೆಲ್ಲಿಂದ? ತೋಟದ ಮೇಲಿನ ಪದವಿನಿಂದ, ಅಂದರೆ ಗುಡ್ಡೆಯ ನೆತ್ತಿಯ ಕಲ್ಲುಬಯಲಿನಿಂದ.

ಹೊರಗಿನವರಿಗೆ ನಮ್ಮ ಪದವು ಬೋಳು ಜಾಗ. ಬೇಸಿಗೆಯಲ್ಲಿ ಕಪ್ಪು ಕಲ್ಲು, ಒಣಗಿದ ಮುಳಿಹುಲ್ಲು, ಅಲ್ಲೊಂದು ಇಲ್ಲೊಂದು ಗೇರುಮರ. ಅಲ್ಲಿ ಎಂತ ಉಂಟು ಅಂತ ಕೇಳುತ್ತಾರೆ. ಪದವಿನ ಕಲ್ಲು ಮುರಕಲ್ಲು (ಲ್ಯಾಟರೈಟ್), ಅದರ ಮೇಲ್ಪದರ ಗಟ್ಟಿ, ಕೆಳಗೆ ಮೆದು. ನಮ್ಮ ಹಿರಿಯರು ಗುಡ್ಡೆಯ ಹೊಟ್ಟೆಗೆ ಸುರಂಗ ಕೊರೆದು ನೀರು ತಂದದ್ದು ಈ ಗುಣದಿಂದಲೇ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಊರು ಇದು. ಆ ನೀರು ಕಲ್ಲಿನ ಸಂದಿನಲ್ಲಿ ಇಳಿಯುತ್ತಾ ಇಳಿಯುತ್ತಾ ಅಂಚಿನಲ್ಲಿ ಪೊಟರೆ, ಗುಹೆ ಮಾಡುತ್ತದೆ. ಮುಳ್ಳುಹಂದಿ ಸಂಸಾರ ಸಮೇತ ಇರುವುದು ಅಲ್ಲಿ. ಗಂಡು ಹೆಣ್ಣು ಜೋಡಿಯಾಗಿ, ಮರಿಯೊಟ್ಟಿಗೆ. ನರಿ ಮರಿ ಹಾಕುವುದೂ ಅಂಥ ಪೊಟರೆಗಳಲ್ಲೇ. ಮುಳಿಹುಲ್ಲಿನ ಬುಡದಲ್ಲಿ ಮೊಲ. ಹುತ್ತದ ಹತ್ತಿರ ಅದೃಷ್ಟ ಇದ್ದರೆ ಚಿಪ್ಪುಹಂದಿಯ ಗುರುತು. ಹಲ್ಲೇ ಇಲ್ಲದ, ಬರೀ ಇರುವೆ ಗೆದ್ದಲು ತಿಂದು ಬದುಕುವ ಆ ಬಡಪ್ರಾಣಿ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ, ಅದನ್ನೂ ಚಿಪ್ಪಿನ ಆಸೆಗೆ ಹಿಡಿಯುವವರಿದ್ದಾರೆ ಅಂದರೆ ನನಗೆ ಸಂಕಟ ಆಗುತ್ತದೆ.

ನರಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ತುಳುವಿನಲ್ಲಿ ಕುದ್ಕೆ. ಪದವಿನಲ್ಲಿ ಎರಡು ಕಾಲುದಾರಿ ಸೇರುವಲ್ಲಿ, ಎಲ್ಲರಿಗೂ ಕಾಣುವ ಹಾಗೆ ಅದು ಹಿಕ್ಕೆ ಹಾಕುತ್ತದೆ. ಇದು ನನ್ನ ಜಾಗ ಅಂತ ಬೇರೆ ನರಿಗಳಿಗೆ ತಿಳಿಸುವ ರೀತಿ ಅದು. ಅದನ್ನು ಕಡ್ಡಿಯಲ್ಲಿ ಬಿಡಿಸಿ ನೋಡುವುದು ನನ್ನ ಕೆಲಸ. ಕಳೆದ ಏಪ್ರಿಲಿನಲ್ಲಿ ಪೊಸಡಿಗುಂಪೆ ಗುಡ್ಡೆಯ ಕೆಳಗೆ ಸಿಕ್ಕಿದ್ದರಲ್ಲಿ ಇಲಿಯ ಕೂದಲು, ಏಡಿಯ ಚಿಪ್ಪಿನ ಚೂರು, ಗೇರುಹಣ್ಣಿನ ನಾರು, ಒಂದೆರಡು ಹಣ್ಣಿನ ಬೀಜ ಇತ್ತು. ಕೋಳಿಯ ಒಂದು ಗರಿಯೂ ಇರಲಿಲ್ಲ. ನರಿ ಕೋಳಿ ಹಿಡಿಯುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಅದರ ದಿನದ ಊಟ ಇಲಿ. ತೆಂಗಿನ ಎಳೆ ಬೊಂಡಕ್ಕೆ ತೊಟ್ಟಿನ ಹತ್ತಿರ ತೂತು ಮಾಡಿ ಉದುರಿಸುವ ಇಲಿ ಅಲ್ವಾ, ಅದರ ಬಳಗವೇ. ಹಂದಿಯ ಮರಿಗಳನ್ನೂ ನರಿ ಹಿಡಿಯುತ್ತದೆ.

ಎಂಡೋಸಲ್ಫಾನಿನ ಕಾಲದಲ್ಲಿ ನರಿಯ ಕೂಗು ನಿಂತೇ ಹೋಗಿತ್ತು ಅಂತ ಎಣ್ಮಕಜೆಯ ಹಿರಿಯರು ನನಗೆ ಹೇಳಿದ್ದಾರೆ. ಜೇನು, ಕಪ್ಪೆಯೂ ಕಡಿಮೆಯಾಗಿತ್ತಂತೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ವಿಷ ಸುರಿದ ಆ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಮನುಷ್ಯರಿಗೇ ಆದದ್ದು ಎಲ್ಲರಿಗೂ ಗೊತ್ತಿದೆ. 2000ದ ಸುಮಾರಿಗೆ ಸಿಂಪಡಣೆ ನಿಂತಿತು. ಈಗ ಕೂಗು ಮತ್ತೆ ಕೇಳುತ್ತಿದೆ. ಈಗಿನ ಅಪಾಯ ಬೇರೆ. ರಸ್ತೆ ಬದಿಯಲ್ಲಿ ಎಸೆಯುವ ಕೋಳಿ ಅಂಗಡಿಯ ಕಸಕ್ಕೆ ಬೀದಿನಾಯಿ ಸೇರುತ್ತವೆ, ನರಿಯೂ ಬರುತ್ತದೆ. ಹುಚ್ಚು ಮತ್ತು ಬೇರೆ ರೋಗ ಒಂದರಿಂದ ಒಂದಕ್ಕೆ ದಾಟುವುದು ಅಲ್ಲೇ.

ಕಬ್ಬೆಕ್ಕಿನ ಬಗ್ಗೆ ಒಂದೇ ಮಾತು. ಅಟ್ಟದಲ್ಲಿ ಗಲಾಟೆ ಮಾಡುವ ಅದೇ ಪ್ರಾಣಿ ಬೈನೆ ಹಣ್ಣು ತಿಂದು ಬೀಜವನ್ನು ಹಾಗೇ ಇಡಿಯಾಗಿ ಕಲ್ಲಿನ ಮೇಲೆ ಹಾಕಿ ಹೋಗುತ್ತದೆ. ಯಾರೂ ನೆಡದ ಬೈನೆ ಮರ ನಿಮ್ಮ ಗುಡ್ಡೆಯಲ್ಲಿದ್ದರೆ ಅದನ್ನು ನೆಟ್ಟದ್ದು ಕಬ್ಬೆಕ್ಕೇ ಇರಬಹುದು.

ಹಿಂದೆ ತೋಟಕ್ಕೂ ಪದವಿಗೂ ನಡುವೆ ಕುಮ್ಕಿ ಇತ್ತು, ಅಂದರೆ ತೋಟದವರು ಬಳಸಬಹುದಾದ ಸರ್ಕಾರಿ ಜಾಗ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದಿಂದ ಬಂದ ಹಕ್ಕು ಅದು, ಸೊಪ್ಪು ಸೌದೆಗೆ ಅಂತ. ಅಲ್ಲಿ ನೇರಳೆ, ಕುಂಟಲ, ಹೆಬ್ಬಲಸು ಇರುತ್ತಿತ್ತು. ಪ್ರಾಣಿಗೆ ಹೊಟ್ಟೆಗೆ ಅಷ್ಟೋ ಇಷ್ಟೋ ಅಲ್ಲೇ ಸಿಗುತ್ತಿತ್ತು. ಈಗ ಎಷ್ಟೋ ಕಡೆ ಅಲ್ಲಿ ರಬ್ಬರ್. ರಬ್ಬರಿನಡಿಯಲ್ಲಿ ಅಡಗಬಹುದು, ತಿನ್ನಲು ಎಂತದ್ದೂ ಇಲ್ಲ. ಕೆಳಗೆ ಬೇಸಾಯ ಬಿಟ್ಟ ಗದ್ದೆಗಳಲ್ಲಿ ಪೊದೆ ಬೆಳೆದು ಹಂದಿಗೆ ಹೇಳಿ ಮಾಡಿಸಿದ ಜಾಗ ಆಗಿದೆ. ಮೇಲೆ ಪದವನ್ನೇ ಮಿಷಿನು ಇಟ್ಟು ಕಲ್ಲಾಗಿ ಕೊಯ್ಯುತ್ತಿದ್ದಾರೆ. ನಮ್ಮ ಮನೆಯ ಗೋಡೆಯೂ ಅದೇ ಕಲ್ಲಿನದ್ದು, ಆದ್ದರಿಂದ ಕಲ್ಲು ತೆಗೆಯಲೇ ಬೇಡಿ ಅಂತ ನಾನು ಹೇಳಲಾರೆ. ಅಂಚಿನ ಪೊಟರೆಗಳನ್ನು, ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗುಗಳನ್ನು ಬಿಟ್ಟು ಉಳಿದ ಕಡೆ ತೆಗೆಯಿರಿ ಅಂತ ಪಂಚಾಯತಿನಲ್ಲಿ ಮೂರು ಸಲ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ.

ಪೆರ್ಲದ ತೋಟದಲ್ಲಿ ಉಳಿದ ಸಸಿಗಳ ಬುಡಕ್ಕೆ ಎರಡು ಅಡಿ ಎತ್ತರದ ತಂತಿಬಲೆ ಸುತ್ತಿದೆವು, ಕೆಳಗಿನ ಅಂಚು ಒಂದು ಗೇಣು ಮಣ್ಣಿನೊಳಗೆ ಹೋಗುವ ಹಾಗೆ. ಮುಳ್ಳುಹಂದಿ ಬಲೆಯನ್ನು ಹತ್ತುವುದಿಲ್ಲ, ಅಡಿಯಿಂದ ತೋಡುತ್ತದೆ. ಕಣಿಯ ಬದಿಯ ಪೊದೆ ಸವರಿದೆವು. ಒಂದು ಕ್ಯಾಮೆರಾ ಕಟ್ಟಿದೆ. ಒಂಬತ್ತನೇ ರಾತ್ರಿ, ಎರಡು ಗಂಟೆ ಹತ್ತು ನಿಮಿಷಕ್ಕೆ, ಕಣಿಯ ದಾರಿಯಲ್ಲಿ ಎರಡು ಮುಳ್ಳುಹಂದಿ, ನಡುವೆ ಒಂದು ಮರಿ. ದೊಡ್ಡದು ಬಲೆಯನ್ನು ಮೂಸಿತು. ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮೂರೂ ಗುಡ್ಡೆಯ ಕಡೆ ಹತ್ತಿದವು. ಫೋಟೋವನ್ನು ಯಜಮಾನರಿಗೆ ಕಳಿಸಿದೆ. "ಮರಿಯೂ ಉಂಟಲ್ಲ ಮಾರಾಯ್ರೆ" ಅಂತ ಅವರು ತಿರುಗಿ ಫೋನ್ ಮಾಡಿದರು.